ಮೆಕಾಂಗ್ ನದಿಯಲ್ಲಿ ಎರಡು ದಿನ ಬೋಟ್ ಪ್ರಯಾಣ: ಹೋಗಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ

ನಾವು ಆರು ಜನ, ದಾವಣಗೆರೆಯಲ್ಲಿ ಒಟ್ಟಿಗೆ ಓದಿದವರು. ಎಲ್ಲರಿಗೂ 45 ದಾಟಿದೆ. ಥಾಯ್ಲೆಂಡ್ ಗಡಿಯಿಂದ ಲಾವೋಸ್‌ನ ಲುವಾಂಗ್ ಪ್ರಬಾಂಗ್‌ವರೆಗೆ ಮೆಕಾಂಗ್‌ನಲ್ಲಿ ಸ್ಲೋ ಬೋಟ್ ಹಿಡಿದು ಹೋಗಬೇಕು ಅಂತ ಆಸೆ. ಒಬ್ಬನಿಗೆ ಸೊಂಟ ನೋವು, ಇಬ್ಬರು ಪಕ್ಕಾ ಸಸ್ಯಾಹಾರಿಗಳು, ನನಗೆ ಈಜು ಬರಲ್ಲ. ಇನ್ನೊಬ್ಬ "ಎರಡು ದಿನ ಸುಮ್ನೆ ಯಾಕೆ ಕೂರೋದು, ಸ್ಪೀಡ್ ಬೋಟ್‌ನಲ್ಲಿ ಒಂದೇ ದಿನಕ್ಕೆ ಮುಗಿಸೋಣ" ಅಂತ ಹಟ ಹಿಡಿದಿದ್ದಾನೆ. ಯಾವ ತಿಂಗಳು ಒಳ್ಳೆಯದು? ಊಟದ ಕಥೆ ಏನು? ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ ಒಬ್ಬರು

ಸರ್, ಮೊದಲು ಸ್ಪೀಡ್ ಬೋಟ್ ವಿಷಯ ಮುಗಿಸಿಬಿಡೋಣ. ಬೇಡ. ಆರೇಳು ಗಂಟೆ ಮೊಣಕಾಲು ಎದೆಗೊತ್ತಿಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು ಕೂರಬೇಕು. ಬೋಟಿನಲ್ಲಿ ಹೆಲ್ಮೆಟ್ ಯಾಕೆ ಅಂತ ನಿಮ್ಮ ಸ್ನೇಹಿತರನ್ನೇ ಕೇಳಿ. ನೀರಿನಡಿ ಬಂಡೆಗಳಿವೆ, ಮರದ ದಿಮ್ಮಿಗಳು ತೇಲಿ ಬರುತ್ತವೆ. ಆ ವೇಗದಲ್ಲಿ ತಗುಲಿದರೆ ಮುಗೀತು. ಹಿಂದೆ ಸಾವುಗಳೂ ಆಗಿವೆ. ಸೊಂಟ ನೋವಿನವರನ್ನಂತೂ ಅದರ ಹತ್ತಿರಕ್ಕೂ ಬಿಡಬೇಡಿ.

ನಾವು ಐದು ಜನ 2023ರ ಡಿಸೆಂಬರ್‌ನಲ್ಲಿ ಹೋಗಿದ್ದೆವು. ಬ್ಯಾಂಕಾಕ್, ಅಲ್ಲಿಂದ ಚಿಯಾಂಗ್ ರಾಯ್, ಆಮೇಲೆ ಬಸ್ಸಿನಲ್ಲಿ ಎರಡು ಗಂಟೆ, ಗಡಿ ಊರು ಚಿಯಾಂಗ್ ಖೋಂಗ್. ಮೊದಲೆಲ್ಲ ಅಲ್ಲಿ ದೋಣಿಯಲ್ಲೇ ನದಿ ದಾಟುತ್ತಿದ್ದರು. 2013ರ ಕೊನೆಯಲ್ಲಿ ಸೇತುವೆ ಆಯಿತು, ಈಗ ನಾವೆಲ್ಲ ಅದರ ಮೇಲೇ ದಾಟಬೇಕು. ಆಚೆ ದಡದ ಊರು ಹುವಾಯ್ ಸಾಯ್. ಲಾವೋಸ್ ವೀಸಾ ನಮಗೆ ಸೇತುವೆ ಹತ್ತಿರವೇ ಸಿಕ್ಕಿತು. ನೀವು ಹೊರಡುವ ಮುಂಚೆ ಈಗಿನ ನಿಯಮ ನೋಡಿಕೊಳ್ಳಿ. ಫೋಟೋ ಇಟ್ಟುಕೊಂಡಿರಿ, ಹರಿದ ಡಾಲರ್ ನೋಟು ಒಯ್ಯಬೇಡಿ. ಅಲ್ಲಿನ ದುಡ್ಡು ಕಿಪ್. ಲಕ್ಷ ಕಿಪ್ ಅಂದ್ರೆ ನಮ್ಮ 400 ರೂಪಾಯಿ ಆಸುಪಾಸು. ಎರಡು ದಿನ ಎಲ್ಲರೂ ಲಕ್ಷಾಧಿಪತಿಗಳೇ.

ಹಿಂದಿನ ರಾತ್ರಿ ಹುವಾಯ್ ಸಾಯ್‌ನಲ್ಲೇ ಉಳಿಯಿರಿ. ಅದೇ ಬೆಳಿಗ್ಗೆ ಗಡಿ ದಾಟಿ ಬೋಟ್ ಹಿಡಿಯುವ ಅವಸರದಲ್ಲೇ ಜನ ದಲ್ಲಾಳಿಗಳ ಕೈಗೆ ಸಿಕ್ಕಿ ಜಾಸ್ತಿ ಕೊಡೋದು. ಟಿಕೆಟ್ ನದಿ ದಡದ ಕೌಂಟರ್‌ನಲ್ಲೇ ತಗೊಳ್ಳಿ.

ಬೋಟು ನಮ್ಮ ಸಿಗಂದೂರು ಲಾಂಚ್ ತರ ಅಗಲ ಇರಲ್ಲ. ಉದ್ದ ಮಾತ್ರ ರೈಲು ಡಬ್ಬಿಯಷ್ಟು. ಸೀಟುಗಳು ಹಳೇ ವ್ಯಾನುಗಳಿಂದ ಕಿತ್ತು ತಂದವು. ನೆಲಕ್ಕೆ ಬೋಲ್ಟ್ ಹಾಕಿರಲ್ಲ. ಹಿಂದಿನವರು ಕಾಲು ಚಾಚಿದರೆ ನೀವು ಸೀಟಿನ ಸಮೇತ ಮುಂದಕ್ಕೆ ಜರುಗುತ್ತೀರಿ. ಇಂಜಿನ್ ಹಿಂದುಗಡೆ, ಶೌಚಾಲಯವೂ ಹಿಂದುಗಡೆ. ಅದಕ್ಕೇ ಬೇಗ ಹೋಗಿ ಮುಂದಿನ ಅರ್ಧದಲ್ಲಿ ಸೀಟು ಹಿಡಿಯಿರಿ. ಸೊಂಟಕ್ಕೆ ಒಂದು ದಿಂಬು ಬೇಕೇ ಬೇಕು, ಗಡಿ ಊರಿನಲ್ಲೇ ಮಾರುತ್ತಾರೆ. ಹತ್ತಿದ ತಕ್ಷಣ ಲೈಫ್ ಜಾಕೆಟ್ ಎಲ್ಲಿದೆ ನೋಡಿ. ನಮ್ಮ ಬೋಟಿನಲ್ಲಿ ಅವು ಎಲ್ಲರ ಚೀಲಗಳ ಅಡಿಯಲ್ಲಿದ್ದವು! ಎಳೆದು ತೆಗೆದು ಸೀಟಿನ ಕೆಳಗೆ ಇಟ್ಟುಕೊಂಡೆವು. ಈಜು ಬರದಿದ್ದರೆ ಸಂಕೋಚ ಬೇಡ, ಹಾಕಿಕೊಂಡೇ ಕೂತುಬಿಡಿ.

ಈಗ ನೀವು ಕೇಳದೇ ಇರೋ ವಿಷಯ. ಆರೂ ಜನ ಒಟ್ಟಿಗೆ ಕೂರಬೇಡಿ. ನಾವು ಮೊದಲ ದಿನ ಹಾಗೇ ಕೂತೆವು. ಮಧ್ಯಾಹ್ನ ಎರಡರ ಹೊತ್ತಿಗೆ ಕಾಲೇಜಿನ ಕಥೆಗಳೆಲ್ಲ ಮುಗಿದವು. ಮೂರಕ್ಕೆ ಬಿಯರ್ ಬಂತು. ನಾಲ್ಕಕ್ಕೆ 2009ರ ಗೋವಾ ಟ್ರಿಪ್ಪಿನಲ್ಲಿ ಪೆಟ್ರೋಲ್ ದುಡ್ಡು ಯಾರು ಕೊಟ್ಟಿದ್ದು ಅನ್ನೋ ಲೆಕ್ಕ ಹೊರಗೆ ಬಂತು. ನೆಟ್‌ವರ್ಕ್ ಇಲ್ಲ, ಎದ್ದು ಹೋಗೋಣ ಅಂದ್ರೆ ಸುತ್ತ ನೀರು. ಆ ರಾತ್ರಿ, ಬೋಟ್ ತಂಗುವ ಪಾಕ್‌ಬೆಂಗ್ ಅನ್ನೋ ಊರಿನಲ್ಲಿ ಇಬ್ಬರು ಒಂದು ಟೇಬಲ್, ಮೂವರು ಇನ್ನೊಂದು ಟೇಬಲ್.

ಎರಡನೇ ದಿನ ಯಾರೂ ಮಾತಾಡಿಕೊಳ್ಳದೇನೇ ಬೇರೆ ಬೇರೆ ಕಡೆ ಕೂತೆವು. ನನ್ನ ಪಕ್ಕ ಒಬ್ಬರು ಅಜ್ಜಿ. ಅವರ ಕಾಲ ಬಳಿ ಬಿದಿರಿನ ಬುಟ್ಟಿ, ಅದರಲ್ಲಿ ಎರಡು ಕೋಳಿ. ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ. ಒಂದು ಚಕ್ಕುಲಿ ಕೊಟ್ಟೆ. ಮೂಸಿ ನೋಡಿ, ಅರ್ಧ ಮುರಿದು ತಿಂದು, ಉಳಿದರ್ಧ ಬಾಳೆ ಎಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸ್ವಲ್ಪ ಹೊತ್ತಿಗೆ ಬೋಟು ಮರಳ ದಿಬ್ಬಕ್ಕೆ ಮೂತಿ ತಗುಲಿಸಿ ನಿಂತಿತು. ಅಲ್ಲಿ ಊರಿಲ್ಲ, ಒಂದು ಗುಡಿಸಲೂ ಕಾಣಲ್ಲ. ಹುಡುಗನೊಬ್ಬ ಹಲಗೆ ಇಳಿಬಿಟ್ಟ. ಅಜ್ಜಿ ಬುಟ್ಟಿ ಹೊತ್ತು ಇಳಿದರು. ದಿಬ್ಬದ ಮೇಲಿಂದ ಪುಟ್ಟ ಹುಡುಗಿಯೊಂದು ಓಡಿ ಬಂತು. ಅವಳ ಕೈಗೆ ಮೊದಲು ಬಂದಿದ್ದು ಆ ಎಲೆಯ ಪೊಟ್ಟಣ. ಸಂಜೆ ನಾವು ಐವರೂ ಮತ್ತೆ ಸೇರಿದಾಗ ಪ್ರತಿಯೊಬ್ಬನ ಹತ್ತಿರವೂ ಇಂಥದ್ದೊಂದು ಇತ್ತು. ಗೋವಾ ಲೆಕ್ಕ ಇನ್ನೂ ಬಾಕಿ ಇದೆ, ಅದು ಬೇರೆ ಮಾತು.

ಬೆನ್ನಿಗೆ ಹಾಕುವ ಬ್ಯಾಗೇ ಒಯ್ಯಿರಿ. ಪಾಕ್‌ಬೆಂಗ್‌ನಲ್ಲಿ ದಡ ತುಂಬಾ ಕಡಿದು. ಮಾರನೇ ದಿನ ಬೋಟ್ ಬದಲಾಗಬಹುದು, ಹಾಗಾಗಿ ಏನನ್ನೂ ಒಳಗೆ ಬಿಟ್ಟು ಹೋಗಬೇಡಿ. ಕೊನೆಗೆ ಇಳಿಸುವ ಜಾಗ ಲುವಾಂಗ್ ಪ್ರಬಾಂಗ್ ಪೇಟೆಯಿಂದ ಸುಮಾರು 10 ಕಿ.ಮೀ. ದೂರ. ಅಲ್ಲಿಂದ ಟುಕ್‌ಟುಕ್.

ಶಿರಸಿಯಿಂದ ಒಬ್ಬರು

ಸಸ್ಯಾಹಾರಿಗಳ ಪರವಾಗಿ ನಾನು ಹೇಳ್ತೀನಿ. ಅಲ್ಲಿ ತರಕಾರಿಗೆ ಕೊರತೆ ಇಲ್ಲ, ಆದರೆ ಎಲ್ಲದಕ್ಕೂ ನಾಮ್ ಪಾ ಹಾಕುತ್ತಾರೆ. ಪಾ ಅಂದ್ರೆ ಮೀನು, ಇದು ಮೀನಿನ ಸಾಸ್. "ಬೋ ಸೈ ನಾಮ್ ಪಾ" ಅಂತ ಕಲಿತುಕೊಳ್ಳಿ, ಮೀನಿನ ಸಾಸ್ ಹಾಕಬೇಡಿ ಅಂತ ಅರ್ಥ. ನನ್ನನ್ನು ಕಾಪಾಡಿದ್ದು ಅಂಟು ಅನ್ನ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬಿಸಿಬಿಸಿ ಕೊಡುತ್ತಾರೆ, ಕೈಯಲ್ಲಿ ಉಂಡೆ ಮಾಡಿ ತಿನ್ನೋದು. ಅದಕ್ಕೆ ಮನೆಯ ಶೇಂಗಾ ಚಟ್ನಿಪುಡಿ ಮುಟ್ಟಿಸಿಕೊಂಡು ತಿಂದೆ ನೋಡಿ, ಆಹಾ! ಬೋಟಿನಲ್ಲಿ ಸಿಗೋದು ಕಪ್ ನೂಡಲ್ಸ್, ಚಿಪ್ಸ್, ಬಿಯರ್ ಅಷ್ಟೇ. ಬಾಳೆಹಣ್ಣು, ಬ್ರೆಡ್ಡು, ಅವಲಕ್ಕಿ ಕಟ್ಟಿಕೊಂಡು ಹತ್ತಿ.

ಮತ್ತೆ, ಚಳಿ ಬಗ್ಗೆ ಯಾರೂ ಹೇಳಲ್ಲ. ಡಿಸೆಂಬರ್, ಜನವರಿ ಬೆಳಿಗ್ಗೆ ನದಿ ಮೇಲೆ ಮಂಜು ಕವಿದಿರುತ್ತೆ. ಬೋಟಿನ ಎರಡೂ ಪಕ್ಕ ತೆರೆದೇ ಇರೋದು. ನಾನು ಸ್ವೆಟರ್ ಮೇಲೆ ಶಾಲು ಸುತ್ತಿಕೊಂಡು, ಮೇಲೆ ಟವೆಲ್ಲನ್ನೂ ಹೊದ್ದಿದ್ದೆ.

ಮಂಗಳೂರಿನಿಂದ ಒಬ್ಬರು

ನಾನು ಮಾರ್ಚ್ ಕೊನೆಯಲ್ಲಿ ಹೋಗಿ ಕೆಟ್ಟೆ. ಬೆಟ್ಟದ ಹೊಲಗಳಿಗೆ ಬೆಂಕಿ ಹಾಕುವ ಕಾಲ. ಹಿಂದೆ ನಮ್ಮ ಮಲೆನಾಡಲ್ಲಿ ಕುಮರಿ ಬೇಸಾಯ ಇತ್ತಲ್ಲ, ಅದೇ ತರ. ಎರಡೂ ದಡ ಹೊಗೆಯಲ್ಲಿ ಮುಚ್ಚಿಹೋಗಿತ್ತು, ಕಣ್ಣುರಿ ಬೇರೆ. ನೀರೂ ಇಳಿದು ಬಂಡೆಗಳೆಲ್ಲ ಮೇಲೆ ಎದ್ದಿದ್ದವು. ಆದರೆ ಆ ಬಂಡೆಗಳ ನಡುವೆ ಬೋಟ್ ನಡೆಸೋದನ್ನು ನೋಡಬೇಕು ಕಣ್ರೀ. ಚುಕ್ಕಾಣಿಯವನು ಮುಂದುಗಡೆ ಕೂತಿರುತ್ತಾನೆ, ಕಣ್ಣು ನೀರಿನ ಸುಳಿಯ ಮೇಲೇ. ಮಳೆಗಾಲದಲ್ಲಿ ನದಿ ಕೆಂಪಗೆ ತುಂಬಿ ಹರಿಯುತ್ತೆ. ಸ್ನೇಹಿತರ ಜೊತೆ ಆರಾಮಾಗಿ ಹೋಗೋದಾದ್ರೆ ನವೆಂಬರ್‌ನಿಂದ ಜನವರಿ.

ಪುಣೆಯಿಂದ ಒಬ್ಬರು

ಎಲ್ಲರೂ ಹೊಗಳುತ್ತಿದ್ದೀರಿ, ನನಗೆ ಅಷ್ಟೇನೂ ಹಿಡಿಸಲಿಲ್ಲ. ಮೊದಲ ಮೂರು ಗಂಟೆ ಚೆಂದ. ಆಮೇಲೆ ಅದೇ ಬೆಟ್ಟ, ಅದೇ ನೀರು, ಅದೇ ಇಂಜಿನ್ ಸದ್ದು. ಸುಮ್ಮನೆ ಕೂರಲಾರದವರಿಗೆ ಇನ್ನೊಂದು ದಾರಿ ಇದೆ. ನೇರ ಲುವಾಂಗ್ ಪ್ರಬಾಂಗ್‌ಗೆ ಹೋಗಿ, ಅಲ್ಲಿಂದ ನದಿಯಲ್ಲಿ ಸುಮಾರು 25 ಕಿ.ಮೀ. ಮೇಲಕ್ಕಿರುವ ಪಾಕ್ ಊ ಗವಿಗಳಿಗೆ ಅರ್ಧ ದಿನ ಬೋಟಿನಲ್ಲಿ ಹೋಗಿ ಬನ್ನಿ. ಪಾಕ್ ಅಂದ್ರೆ ಬಾಯಿ. ಊ ನದಿ ಮೆಕಾಂಗ್ ಸೇರುವ ಬಾಯಿ ಅದು. ಗವಿಯೊಳಗೆ ಸಾವಿರಾರು ಬುದ್ಧನ ಮೂರ್ತಿಗಳು, ಹೆಬ್ಬೆರಳಿನಷ್ಟು ಚಿಕ್ಕವೂ ಇವೆ.

ಪೂರ್ತಿ ದೂರ ಹೋಗುವವರೂ ಒಂದು ವಿಚಾರಿಸಿಕೊಳ್ಳಿ. ಲುವಾಂಗ್ ಪ್ರಬಾಂಗ್‌ನಿಂದ ನದಿ ಹರಿದು ಹೋಗುವ ಕಡೆ ಸಯಾಬುರಿ ಅಣೆಕಟ್ಟು 2019ರಿಂದ ಕೆಲಸ ಮಾಡುತ್ತಿದೆ. ಊರಿನ ಮೇಲ್ಗಡೆ, ಬೋಟ್ ಬರುವ ದಾರಿಯಲ್ಲೇ ಇನ್ನೊಂದನ್ನು ಕಟ್ಟುತ್ತಿದ್ದಾರೆ. ಕೊನೆಯವರೆಗೂ ನೀರಿನಲ್ಲೇ ಹೋಗುತ್ತಾ ಅಂತ ಟಿಕೆಟ್ ತಗೊಳ್ಳುವಾಗಲೇ ಕೇಳಿ. ವೇಗ ಬೇಕು ಅಂದವರಿಗೆ ವಾಪಸ್ ಬರುವಾಗ ರೈಲಿದೆ. 2021ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ಲಾವೋಸ್ ರಾಜಧಾನಿ ವಿಯೆಂಟಿಯಾನ್‌ಗೆ ಎರಡು ಗಂಟೆ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಪೀಡ್ ಬೋಟ್ ಗೆಳೆಯನಿಗೆ ಹೆಲ್ಮೆಟ್ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ರೈಲಿನ ಟಿಕೆಟ್ ನಾನು ಮಾಡ್ತೀನಿ ಬಿಡು" ಅಂದ. ಡಿಸೆಂಬರ್ ಮೊದಲ ವಾರ ಅಂತ ಗೊತ್ತು ಮಾಡಿದ್ದೇವೆ. ಸೀಟು ಇಬ್ಬಿಬ್ಬರಂತೆ, ಮಧ್ಯಾಹ್ನ ಊಟಕ್ಕೆ ಮಾತ್ರ ಎಲ್ಲರೂ ಒಂದು ಕಡೆ. ಶಿರಸಿಯ ಅಕ್ಕನಿಗೆ ಒಂದೇ ಸಂದೇಹ: ಆರು ಜನಕ್ಕೆ ಚಟ್ನಿಪುಡಿ ಅರ್ಧ ಕೆಜಿ ಸಾಕಾ?

ಶಿರಸಿಯಿಂದ

ಸಾಲಲ್ಲ. ಪಕ್ಕದ ಸೀಟಿನವರೂ ಕೇಳ್ತಾರೆ.