ಬೇಸಿಗೆಯಲ್ಲಿ ಓವರ್‌ಕ್ಲಾಕ್: 5800ಎಕ್ಸ್ 90 ಡಿಗ್ರಿ ಮುಟ್ಟುತ್ತಿದೆ, ವಾಟರ್ ಕೂಲರ್ ಬೇಕಾ?

ಪ್ರಶ್ನೆ: ನಮ್ಮದು ಕಲಬುರಗಿ. ಎಎಂಡಿಯ ರೈಜೆನ್ 7 5800ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಒಂದೇ ಫ್ಯಾನಿನ ಟವರ್ ಕೂಲರ್ ಇದೆ. ಬ್ಲೆಂಡರ್ (3ಡಿ ಸಾಫ್ಟ್‌ವೇರ್) ರೆಂಡರ್ ಬೇಗ ಮುಗಿಯಲಿ ಅಂತ ಓವರ್‌ಕ್ಲಾಕ್ ಮಾಡಿ, ಅಂದರೆ ಮಾಮೂಲಿಗಿಂತ ಹೆಚ್ಚು ವೇಗಕ್ಕೆ ಏರಿಸಿ, ಎಲ್ಲ ಕೋರ್‌ಗಳನ್ನೂ 4.7 ಗಿಗಾಹರ್ಟ್ಜ್‌ಗೆ, ವೋಲ್ಟೇಜನ್ನು 1.35ಕ್ಕೆ ಫಿಕ್ಸ್ ಮಾಡಿದ್ದೇನೆ. ಚಳಿಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಮೇ ತಿಂಗಳು. ರೆಂಡರ್ ಶುರುವಾದ ಸ್ವಲ್ಪ ಹೊತ್ತಿಗೇ 90 ಡಿಗ್ರಿ ದಾಟಿ ರೀಸ್ಟಾರ್ಟ್ ಆಗುತ್ತದೆ. ವಾಟರ್ ಕೂಲರ್ ತಗೊಳ್ಳಲಾ?

ಉತ್ತರ (ವರ್ಕ್‌ಸ್ಟೇಷನ್ ಜೋಡಿಸುವ ಹಾರ್ಡ್‌ವೇರ್ ಎಂಜಿನಿಯರ್): ಸದ್ಯಕ್ಕೆ ದುಡ್ಡು ಹಾಕಬೇಡಿ. ಮೊದಲು ಆ ಫಿಕ್ಸೆಡ್ ಸೆಟ್ಟಿಂಗ್ ತೆಗೆಯಿರಿ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಚಿಪ್ ಉಗುಳುವ ಶಾಖ ವೇಗದ ಜೊತೆ ಅದೇ ಪ್ರಮಾಣದಲ್ಲಿ ಏರುತ್ತದೆ, ಆದರೆ ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. 1.20 ವೋಲ್ಟಿನಲ್ಲಿ 4.5 ಗಿಗಾಹರ್ಟ್ಜ್ ಓಡುತ್ತಿದ್ದ ಚಿಪ್ಪನ್ನು 1.35 ವೋಲ್ಟ್, 4.7ಕ್ಕೆ ತಂದರೆ ವೇಗ ಹೆಚ್ಚುವುದು ಶೇಕಡಾ 4ರಷ್ಟು. ಶಾಖ ಮಾತ್ರ ಶೇಕಡಾ 30ಕ್ಕಿಂತ ಜಾಸ್ತಿ. ಇದರ ಮೇಲೆ, ಬಿಸಿಯಾದಷ್ಟೂ ಚಿಪ್ಪಿನಲ್ಲಿ ಸೋರುವ ಕರೆಂಟೂ ಹೆಚ್ಚುತ್ತದೆ. ಇನ್ನೊಂದು ವಿಷಯ: ಒಂದೆರಡು ಕೋರ್‌ಗಳ ಕೆಲಸಕ್ಕೆ ಈ ಚಿಪ್ ಫ್ಯಾಕ್ಟರಿ ಸೆಟ್ಟಿಂಗಿನಲ್ಲೇ 4.7 ತನಕ ತಾನಾಗಿ ಹೋಗುತ್ತದೆ. ಅಂಥ ಕೆಲಸದಲ್ಲಿ ನಿಮಗೆ ಸಿಕ್ಕಿದ್ದು ಏನೂ ಇಲ್ಲ.

ಇನ್ನು ಬೇಸಿಗೆಯ ಮಾತು. ಕೂಲರ್ ಕೆಲಸ ಮಾಡುವುದು ಕೋಣೆಯ ಗಾಳಿಯಿಂದ. ಅಷ್ಟೇ ವ್ಯಾಟ್ ಉರಿಯುತ್ತಿರುವಾಗ ಕೋಣೆ 26ರಿಂದ 40 ಡಿಗ್ರಿಗೆ ಏರಿದರೆ ಚಿಪ್ ಕೂಡ ಹೆಚ್ಚೂಕಡಿಮೆ ಅದೇ 14 ಡಿಗ್ರಿ ಏರುತ್ತದೆ. ಚಳಿಗಾಲದಲ್ಲಿ 78 ಇದ್ದದ್ದು ಈಗ 92. ಈ ಚಿಪ್ಪಿಗೆ ಎಎಂಡಿ ಹೇಳಿರುವ ಮಿತಿಯೇ 90. ನಿಮ್ಮ ಊರಲ್ಲಿ ಓವರ್‌ಕ್ಲಾಕನ್ನು ಪರೀಕ್ಷೆ ಮಾಡಬೇಕಾದದ್ದು ಮೇ ತಿಂಗಳ ಮಧ್ಯಾಹ್ನ, ಡಿಸೆಂಬರ್ ರಾತ್ರಿ ಅಲ್ಲ.

ವಾಟರ್ ಕೂಲರ್ ಕೂಡ ಕೋಣೆಗಿಂತ ತಣ್ಣಗೆ ಮಾಡಲಾರದು. ಜೊತೆಗೆ 5800ಎಕ್ಸ್‌ನಲ್ಲಿ ಎಂಟೂ ಕೋರ್‌ಗಳು ಸುಮಾರು 80 ಚದರ ಮಿಲಿಮೀಟರಿನ ಒಂದೇ ತುಣುಕಿನಲ್ಲಿವೆ. ಅಷ್ಟು ಸಣ್ಣ ಜಾಗದಿಂದ ಶಾಖ ಹೊರಗೆ ಬರುವುದೇ ಕಷ್ಟ. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನಿಮ್ಮ ನಿರೀಕ್ಷೆಯಷ್ಟು ಇಳಿಯುವುದಿಲ್ಲ.

ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಸಿಪಿಯು ಸೆಟ್ಟಿಂಗ್ ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ. ಆಮೇಲೆ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಅನ್ನುವ ಮೆನು ತೆರೆದು, ಪಿಪಿಟಿ (ಚಿಪ್ ಎಳೆಯಬಹುದಾದ ಗರಿಷ್ಠ ವಿದ್ಯುತ್) ಮಿತಿಯನ್ನು 142 ವ್ಯಾಟಿನಿಂದ 120ಕ್ಕೆ ಇಳಿಸಿ. ನಂತರ ಕೋರ್‌ಗಳ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 10 ಕೊಡಿ. ಒಂದೊಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಸಾಕಾದರೆ, ಉಳಿದ ಅವಕಾಶವನ್ನು ಚಿಪ್ ತಾನೇ ವೇಗ ಏರಿಸಲು ಬಳಸುತ್ತದೆ. ನನ್ನ ಮಟ್ಟಿಗೆ ಈಗಿನ ಕಾಲದ ಓವರ್‌ಕ್ಲಾಕ್ ಅಂದರೆ ಇದೇ.

ಸಿನೆಬೆಂಚ್ ಆರ್23 (ಚಿಪ್ಪಿಗೆ ಪೂರ್ತಿ ಲೋಡ್ ಕೊಟ್ಟು ಸ್ಕೋರ್ ಹೇಳುವ ಪ್ರೋಗ್ರಾಂ) ಅನ್ನು ಹತ್ತು ನಿಮಿಷ ಓಡಿಸಿ, ತಾಪ ತೋರಿಸುವ ಎಚ್‌ಡಬ್ಲ್ಯೂಇನ್ಫೋದಲ್ಲಿ ತಾಪ ನೋಡಿ. ಕೋಣೆಯ ತಾಪವನ್ನೂ ಪಕ್ಕದಲ್ಲಿ ಬರೆದಿಡಿ. ಅದಿಲ್ಲದೆ ಎರಡು ದಿನದ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ಮರುಪ್ರಶ್ನೆ: ಮಾಡಿದೆ ಸರ್. ಪಿಪಿಟಿ 120, ಕರ್ವ್ ಮೈನಸ್ 25. ಈಗ 81 ಡಿಗ್ರಿ! ಸ್ಕೋರ್ ಹೆಚ್ಚು ಬಿದ್ದಿಲ್ಲ. ಆದರೆ ಸುಮ್ನೆ ಬ್ರೌಸರ್ ತೆರೆದಿಟ್ಟಾಗ ಒಮ್ಮೊಮ್ಮೆ ರೀಸ್ಟಾರ್ಟ್ ಆಗುತ್ತದೆ. ಲೋಡ್ ಇದ್ದಾಗ ಆಗುವುದಿಲ್ಲ. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆಯಾ?

ಉತ್ತರ: ಪೇಸ್ಟ್ ಅಲ್ಲ. ಮೈನಸ್ 10 ಅಂದಿದ್ದೆ, ನೀವು 25ಕ್ಕೆ ಹಾರಿದ್ದೀರಿ. ಹಗುರ ಕೆಲಸದಲ್ಲಿ ಒಂದೇ ಕೋರ್ ಅತಿ ಹೆಚ್ಚು ವೇಗಕ್ಕೆ ನೆಗೆಯುತ್ತದೆ. ಆಗ ಅದಕ್ಕೆ ವೋಲ್ಟೇಜ್ ಸಾಲದು. ಪೂರ್ತಿ ಲೋಡಿನಲ್ಲಿ ವೇಗ ಕಡಿಮೆ ಇರುವುದರಿಂದ ಗೊತ್ತಾಗುವುದಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ ಲಾಗರ್ (WHEA-Logger, ಹಾರ್ಡ್‌ವೇರ್ ದೋಷಗಳ ದಾಖಲೆ) ಎರರ್ ಹುಡುಕಿ. ಯಾವ ಕೋರ್ ಎಡವಿತು ಅನ್ನುವ ಸುಳಿವು ಅಲ್ಲಿ ಸಿಗುತ್ತದೆ. ಎಎಂಡಿಯ ರೈಜೆನ್ ಮಾಸ್ಟರ್ ಪ್ರೋಗ್ರಾಂನಲ್ಲಿ ಗುರುತು ಹಾಕಿರುವ ಉತ್ತಮ ಕೋರ್‌ಗಳಿಗೆ ಮೈನಸ್ 5 ಸಾಕು, ಬೇರೆಯವಕ್ಕೆ ಮೈನಸ್ 15. ಕೋರ್‌ಸೈಕ್ಲರ್ ಅನ್ನುವ ಪ್ರೋಗ್ರಾಂ ಒಂದೊಂದೇ ಕೋರನ್ನು ಪರೀಕ್ಷಿಸುತ್ತದೆ, ರಾತ್ರಿಯಿಡೀ ಓಡಲು ಬಿಡಿ.

ಮುಂದೆ ಯಾವಾಗಲಾದರೂ ಪೇಸ್ಟ್ ಬದಲಿಸುವಾಗ ದಯವಿಟ್ಟು ಒಂದು ಎಚ್ಚರ. ನಿಮ್ಮಂಥ ಎಎಂ4 (ಸಾಕೆಟ್‌ನ ಹೆಸರು) ಚಿಪ್ಪಿನ ಪಿನ್‌ಗಳು ಚಿಪ್ಪಿನಲ್ಲೇ ಇರುತ್ತವೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಚಿಪ್ಪೂ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತವೆ. ಸ್ವಲ್ಪ ಹೊತ್ತು ಲೋಡ್ ಕೊಟ್ಟು ಬಿಸಿ ಮಾಡಿ, ಪವರ್ ತೆಗೆದು, ಕೂಲರನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ ಬಿಡಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನದು ಇಂಟೆಲ್ ಐ7-13700ಕೆ. ಇದಕ್ಕೂ ಹೀಗೇ ವೋಲ್ಟೇಜ್ ಇಳಿಸಲಾ?

ಉತ್ತರ: ಇಳಿಸಬಹುದು, ಆದರೆ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಹಾಳಾಗುತ್ತಿದ್ದವು. 2024ರ ಆಗಸ್ಟ್‌ನಲ್ಲಿ ಇಂಟೆಲ್ ಇದಕ್ಕೆ ಮೈಕ್ರೋಕೋಡ್ (ಬಯಾಸ್ ಮೂಲಕ ಬರುವ, ಚಿಪ್ಪಿನ ಒಳಗಿನ ಸೂಚನೆಗಳು) ತಿದ್ದುಪಡಿ ಬಿಟ್ಟಿತು, ಆಮೇಲೆಯೂ ಬಂದಿವೆ. ಈಗಾಗಲೇ ಹಾಳಾದ ಚಿಪ್ಪನ್ನು ಅಪ್‌ಡೇಟ್ ಸರಿಮಾಡುವುದಿಲ್ಲ. ಡಿಫಾಲ್ಟ್ ಸೆಟ್ಟಿಂಗಿನಲ್ಲೇ ಗೇಮ್ ಕ್ರ್ಯಾಶ್ ಆಗುತ್ತಿದ್ದರೆ ಸೆಟ್ಟಿಂಗ್ ಜೊತೆ ಗುದ್ದಾಡಬೇಡಿ, ನೇರ ವಾರಂಟಿಗೆ ಹೋಗಿ. ಈ ಚಿಪ್‌ಗಳಿಗೆ ಇಂಟೆಲ್ ವಾರಂಟಿಯನ್ನು 2 ವರ್ಷ ಹೆಚ್ಚಿಸಿದೆ. ಬಿಲ್ ಹುಡುಕಿ ಇಟ್ಟುಕೊಳ್ಳಿ.