ಬಿಸಿ ಏರಿಸಿದರೂ ಫ್ರೀಡೆಲ್ ಅಲೆ ಕುಗ್ತಾನೇ ಇಲ್ಲ, ತಲೆ ಕೆಟ್ಟುಹೋಗಿದೆ

ಎಂಎಸ್ಸಿ_ದಾವಣಗೆರೆ:
ಎಲೆಕ್ಟ್ರಾನ್ ಅನಿಲದಲ್ಲಿ (ಲೋಹದೊಳಗೆ ಸ್ವತಂತ್ರವಾಗಿ ಓಡಾಡೋ ಎಲೆಕ್ಟ್ರಾನ್‌ಗಳು) ಒಂದು ಬೆರಕೆ ಪರಮಾಣು ಇಟ್ಟು, ಸುತ್ತ ಎಲೆಕ್ಟ್ರಾನ್ ಸಾಂದ್ರತೆ ಅಲೆಯಂತೆ ಹೇಗೆ ಏರುಪೇರಾಗುತ್ತೆ (ಇದೇ ಫ್ರೀಡೆಲ್ ಅಲೆ) ಅಂತ ಪೈಥಾನ್‌ನಲ್ಲಿ ಲೆಕ್ಕ ಹಾಕ್ತಿದ್ದೇನೆ. 4 ಕೆಲ್ವಿನ್‌ಗೂ 300 ಕೆಲ್ವಿನ್‌ಗೂ ಒಂದೇ ಗ್ರಾಫ್! ಕೆಂಪು ಗೆರೆ ನೀಲಿ ಗೆರೆಯನ್ನು ಪೂರ್ತಿ ಮುಚ್ಚಿಬಿಟ್ಟಿದೆ. ಬಿಸಿಯಾದರೆ ಅಲೆ ಅಳಿಸಿಹೋಗಬೇಕು ಅಲ್ವಾ? ಕೋಡ್ ಸರಿ ಇದೆ, ಅದನ್ನು ಕೇಳಬೇಡಿ. ಸೋಮವಾರ ಗೈಡ್‌ಗೆ ತೋರಿಸಬೇಕು.

ಕೋಟೆಕಲ್ಲು (ಚಿತ್ರದುರ್ಗ):
ಓವರ್‌ಫ್ಲೋ. ಕಣ್ಣು ಮುಚ್ಚಿ ಹೇಳ್ತೀನಿ. 4 ಕೆಲ್ವಿನ್‌ನಲ್ಲಿ ಫರ್ಮಿ ಫಂಕ್ಷನ್ನಿನ (ಯಾವ ಶಕ್ತಿಮಟ್ಟ ಎಷ್ಟು ತುಂಬಿದೆ ಅನ್ನೋ ಸೂತ್ರ) ಎಕ್ಸ್‌ಪೊನೆನ್ಷಿಯಲ್ ಮಿತಿ ಮೀರುತ್ತೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಮಿತಿ ಮೀರದಂತೆ ಲೆಕ್ಕ ಹಾಕೋ ‘ಎಕ್ಸ್‌ಪಿಟ್’ ಇದೆ, ಹಾಕಿ.

ಎಂಎಸ್ಸಿ_ದಾವಣಗೆರೆ:
ಹಾಕಿದೆ. ವಾರ್ನಿಂಗ್ ಹೋಯ್ತು, ಗ್ರಾಫ್ ಹಾಗೇ ಇದೆ.

ಕೋಟೆಕಲ್ಲು:
ಹಾಗಾದರೆ ಗ್ರಿಡ್ (ಲೆಕ್ಕಕ್ಕೆ ತಗೊಂಡ ಬಿಂದುಗಳ ಸಾಲು) ಒರಟು. 4 ಕೆಲ್ವಿನ್ ಅಂದರೆ ಶಕ್ತಿಯಲ್ಲಿ ಬರೀ 0.34 ಮಿಲಿ ಎಲೆಕ್ಟ್ರಾನ್ ವೋಲ್ಟ್. ಹೆಜ್ಜೆ ಅದಕ್ಕಿಂತ ಚಿಕ್ಕದಿರಬೇಕು.

ಜಿಪಿಯು_ಗುರು:
ನಂದು ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 12 ಜಿಬಿ. ಎಷ್ಟು ಸಣ್ಣ ಗ್ರಿಡ್ ಕೊಟ್ಟರೂ ಎಳೆಯುತ್ತೆ. ಈ ಬೇಸಿಗೇಲಿ ಮಾತ್ರ ಪಕ್ಕದಲ್ಲಿ ಕೂಲರ್ ಬೇಕೇ ಬೇಕು.

ಸೈನ್‌ಕೋಸ್:
ಯಾವ ಲೋಹ ಅಂತ ಯಾರೂ ಕೇಳಲಿಲ್ಲ! 2ಡಿನಾ, 3ಡಿನಾ? 3ಡಿಯಲ್ಲಿ ಅಲೆ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತೆ, 2ಡಿಯಲ್ಲಿ ವರ್ಗಕ್ಕೆ.

ಎಂಎಸ್ಸಿ_ದಾವಣಗೆರೆ:
ತಾಮ್ರದಲ್ಲಿ ಸತು. 3ಡಿ. ಇನ್ನೇನಿರುತ್ತೆ ಸರ್?

ಕೋಟೆಕಲ್ಲು:
ತಾಮ್ರದ ಮೇಲಿನ ಅಲೆಯನ್ನು 1993ರಲ್ಲಿ ಎಸ್‌ಟಿಎಂನಲ್ಲಿ (ಪರಮಾಣು ಮಟ್ಟ ತೋರಿಸೋ ಸೂಕ್ಷ್ಮದರ್ಶಕ) ನೋಡಿದ್ದು 4 ಕೆಲ್ವಿನ್‌ನಲ್ಲಿ. ಬಿಸಿಯಲ್ಲಿ ಉಳಿಯಲ್ಲ ಅಂತ ತಾನೇ?

ಸೈನ್‌ಕೋಸ್:
ಅದೇ ವರ್ಷ ಚಿನ್ನದ ಮೇಲೆ ರೂಮ್ ತಾಪಮಾನದಲ್ಲೇ ನೋಡಿದ್ದಾರೆ. ಅದೂ ಅಲ್ಲದೆ ಅವೆರಡೂ ಮೇಲ್ಮೈ ಎಲೆಕ್ಟ್ರಾನ್‌ಗಳು, ಇಲ್ಲಿ ಯಾಕೆ ಎಳೆದು ತರ್ತೀರಿ?

ತಮ್ಮಾ, ತಾಮ್ರದ ಫರ್ಮಿ ತಾಪಮಾನ (ಎಲೆಕ್ಟ್ರಾನ್‌ಗಳ ಅತಿ ಹೆಚ್ಚಿನ ಶಕ್ತಿಯನ್ನು ತಾಪಮಾನವಾಗಿ ಹೇಳಿದ್ದು) ಸುಮಾರು 80,000 ಕೆಲ್ವಿನ್. ಅದರ ಮುಂದೆ 300 ಯಾವ ಲೆಕ್ಕ? ಬಿಸಿಯಿಂದ ಅಲೆಯ ಎತ್ತರಕ್ಕೆ ‘ಎಕ್ಸ್ ಭಾಗಿಸು ಸೈನ್‌ಎಚ್ (ಹೈಪರ್ಬಾಲಿಕ್ ಸೈನ್) ಎಕ್ಸ್’ ಅನ್ನೋ ಗುಣಕ ಬೀಳುತ್ತೆ; ಎಕ್ಸ್ ದೊಡ್ಡದಾದಷ್ಟೂ ಅದು ಕುಗ್ಗುತ್ತೆ. ಎಕ್ಸ್ ಅಂದರೆ ದೂರವನ್ನು ಉಷ್ಣ ಉದ್ದದಿಂದ ಭಾಗಿಸಿದ್ದು. ಆ ಉದ್ದ ಫರ್ಮಿ ವೇಗ (ಅತಿ ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳ ವೇಗ) ಹೆಚ್ಚಾದಷ್ಟೂ ಜಾಸ್ತಿ, ತಾಪಮಾನ ಏರಿದಷ್ಟೂ ಕಮ್ಮಿ. ತಾಮ್ರಕ್ಕೆ 300ರಲ್ಲಿ ಅದು ಸುಮಾರು 6.4 ನ್ಯಾನೋಮೀಟರ್. ಅಲೆಯಿಂದ ಅಲೆಗೆ ಬರೀ 0.23. ನೀವು ಎಷ್ಟು ದೂರ ಪ್ಲಾಟ್ ಮಾಡಿದ್ದೀರಿ?

ಎಂಎಸ್ಸಿ_ದಾವಣಗೆರೆ:
2 ನ್ಯಾನೋಮೀಟರ್.

ಸೈನ್‌ಕೋಸ್:
ಅಲ್ಲಿ ವ್ಯತ್ಯಾಸ ಶೇ. 2 ಕೂಡ ಇಲ್ಲ. ಕಣ್ಣಿಗೆ ಹೇಗೆ ಕಾಣಬೇಕು? 30 ನ್ಯಾನೋಮೀಟರ್ ತನಕ ಹೋಗಿ, ದೂರದ ಘನದಿಂದ ಗುಣಿಸಿ ಪ್ಲಾಟ್ ಮಾಡಿ. ಬಿಸಿಯ ಆಟ ಬೇಗ ನೋಡಬೇಕಂದ್ರೆ ಗ್ಯಾಲಿಯಂ ಆರ್ಸೆನೈಡ್‌ನ 2ಡಿ ಪದರ ತಗೊಳ್ಳಿ. ಚದರ ಸೆಂಟಿಮೀಟರಿಗೆ 30,000 ಕೋಟಿ ಎಲೆಕ್ಟ್ರಾನ್ ಇದ್ದರೆ ಫರ್ಮಿ ತಾಪಮಾನ ಸುಮಾರು 125 ಕೆಲ್ವಿನ್ ಅಷ್ಟೇ.

ಎಂಎಸ್ಸಿ_ದಾವಣಗೆರೆ:
ಬಂತು! 20 ನ್ಯಾನೋಮೀಟರ್ ಹತ್ತಿರ 300 ಕೆಲ್ವಿನ್‌ನ ಅಲೆ ಕಾಲು ಭಾಗಕ್ಕೆ ಇಳಿದಿದೆ, 4 ಕೆಲ್ವಿನ್‌ನದ್ದು ಹಾಗೇ ನಿಂತಿದೆ. ಆದರೆ 25 ದಾಟಿದ ಮೇಲೆ ಎರಡೂ ಗೆರೆ ಗರಗಸದ ಹಲ್ಲಿನ ಥರ ಆಗಿವೆ. ಇದು ಯಾಕೆ?

ಕೋಟೆಕಲ್ಲು:
ಗ್ರಿಡ್ ಒರಟು ಅಂತ ಆಗಲೇ ಹೇಳಲಿಲ್ವಾ? ದೂರ ಹೋದಷ್ಟೂ ಅಲೆಸಂಖ್ಯೆಯ ಹೆಜ್ಜೆ ಸಣ್ಣದಾಗಬೇಕು.

ಎಂಎಸ್ಸಿ_ದಾವಣಗೆರೆ:
ಸಣ್ಣದು ಮಾಡಿದರೆ ಲ್ಯಾಪ್‌ಟಾಪ್ ಮಲಗಿಬಿಡುತ್ತೆ ಸರ್. @ಜಿಪಿಯು_ಗುರು, ಆ 3060 ಎಷ್ಟಕ್ಕೆ ಸಿಕ್ತು?