ಕೌಂಟಿ ಕೋರ್ಟಿನ ದಿನ, ಜಾಗ ಬದಲಿಸಲು ಕಾಯ್ದೆಯೇ ಏಕೆ?

ಪ್ರಶ್ನೆ | ಹಳೇಕಡತ
18ನೇ ಶತಮಾನದ ಅಮೆರಿಕದ ವರ್ಜೀನಿಯಾ ಶಾಸನಸಭೆಯ ಕಾಯ್ದೆಗಳಲ್ಲಿ ಇಂಥ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೋರ್ಟ್ ದಿನ ಬದಲಾವಣೆ, ಇಂಥ ಕೌಂಟಿಯ ಕೋರ್ಟ್ ಜಾಗ ಬದಲಾವಣೆ ಅಂತ ಪದೇಪದೇ ಸಿಗುತ್ತೆ. ಮೊನಾಂಗೇಲಿಯಾದಂಥ (ಈಗಿನ ವೆಸ್ಟ್ ವರ್ಜೀನಿಯಾದಲ್ಲಿದೆ) ಗಡಿ ಕೌಂಟಿಯಲ್ಲಿ ಜಸ್ಟೀಸುಗಳೇ, ಅಂದ್ರೆ ಆ ಕೋರ್ಟಿನ ನ್ಯಾಯಾಧೀಶರೇ, ಕೂತು ತೀರ್ಮಾನಿಸಿದ್ರೆ ಆಗ್ತಿರಲಿಲ್ವಾ?

ಉತ್ತರ | ವಾಯಿದೆ
ದಿನ ನಿಗದಿಯಾಗಿದ್ದೇ ಕಾಯ್ದೆಯಿಂದ, ತಿಂಗಳ ಇಂತಿಷ್ಟನೇ ಸೋಮವಾರವೋ ಮಂಗಳವಾರವೋ ಅಂತ. ನಮ್ಮ ಸಂತೆ ದಿನ ಇದ್ದ ಹಾಗೆ: ಅಕ್ಕಪಕ್ಕದ ಕೌಂಟಿಗಳದು ಒಂದೇ ದಿನ ಬಿದ್ದರೆ ವಕೀಲರು ಎರಡೂ ಕಡೆ ಹೋಗಲಾಗದು. ವ್ಯಾಪಾರ, ಹರಾಜು ಕೂಡ ಅದೇ ದಿನ ನಡೀತಿದ್ದವು.

ನಿಜವಾದ ತೊಡಕು ಸಮನ್ಸಿನದು. ಅದರಲ್ಲಿ ಹಾಜರಾಗಬೇಕಾದ ದಿನ ಬರೆದಿರುತ್ತೆ, ಜಾಮೀನು ಮುಚ್ಚಳಿಕೆಯಲ್ಲೂ ಅಷ್ಟೇ. ಜಸ್ಟೀಸುಗಳು ತಾವಾಗಿ ದಿನ ಬದಲಿಸಿದರೆ ಹಳೇ ದಿನಕ್ಕೆ ಬಂದವನಿಗೆ ಕೋರ್ಟೇ ಇಲ್ಲ, ಹೊಸ ದಿನಕ್ಕೆ ಬರಬೇಕೆಂದು ಪ್ರತಿವಾದಿಗೆ ಆದೇಶವೇ ಇಲ್ಲ. ಮುಂದಿನ ವಾಯಿದೆ ಇಲ್ಲದ ದಾವೆ ಕಾಮನ್ ಲಾ (ತೀರ್ಪು, ರೂಢಿಗಳಿಂದ ಬೆಳೆದ ಇಂಗ್ಲಿಷ್ ಕಾನೂನು) ಪ್ರಕಾರ ಅಲ್ಲಿಗೇ ಬಿದ್ದುಹೋಗ್ತಿತ್ತು. ಅದಕ್ಕೇ ಇಂಥ ಕಾಯ್ದೆಯಲ್ಲಿ ಎರಡು ಮಾತು ನೋಡಿ: ಯಾವ ದಿನಾಂಕದಿಂದ ಜಾರಿ, ಬಾಕಿ ದಾವೆಗಳು ಹೊಸ ದಿನಕ್ಕೆ ತಾವಾಗಿ ಮುಂದೂಡಿಕೆ ಆಗ್ತವಾ. ಎರಡನೆಯದು ಬಿಟ್ಟುಹೋಗಿದ್ದರೆ ತಕರಾರು ಗ್ಯಾರಂಟಿ.

ಉತ್ತರ | ಸರ್ವೆಕಲ್ಲು
ಜಾಗದ ಕಥೆಗೆ ಮೊನಾಂಗೇಲಿಯಾನೇ ಒಳ್ಳೆ ಉದಾಹರಣೆ. 1776ರಲ್ಲಿ ವೆಸ್ಟ್ ಆಗಸ್ಟಾ ಪ್ರದೇಶದಿಂದ ಓಹಾಯೋ, ಯೊಹೊಗೇನಿಯಾ, ಮೊನಾಂಗೇಲಿಯಾ ಎಂಬ ಮೂರು ಕೌಂಟಿ ಮಾಡಿದರು. ಮೊದಲ ಜಾಗ ಆರಿಸೋ ಹಕ್ಕನ್ನು ಆ ಕಾಯ್ದೆಯೇ ಭೂಮಾಲೀಕ ಮತದಾರರಿಗೆ ಕೊಟ್ಟಿತ್ತು, ಜಸ್ಟೀಸುಗಳಿಗಲ್ಲ. ಮೊನಾಂಗೇಲಿಯಾ ಕೋರ್ಟು ಥಿಯೋಫಿಲಸ್ ಫಿಲಿಪ್ಸ್ ಜಮೀನಿನಲ್ಲಿ ಕೂತಿತು. ಪೆನ್ಸಿಲ್ವೇನಿಯಾದ ದಕ್ಷಿಣ ಗಡಿಯಾದ ಮೇಸನ್-ಡಿಕ್ಸನ್ ಗೆರೆಯನ್ನು ಪಶ್ಚಿಮಕ್ಕೆ ಎಳೆಯಲು 1779ರಲ್ಲಿ ಒಪ್ಪಂದ ಆದಾಗ ಆ ಜಮೀನು ಪೆನ್ಸಿಲ್ವೇನಿಯಾಕ್ಕೆ ಸೇರಿತು! ಬೇರೆ ರಾಜ್ಯದ ನೆಲದಲ್ಲಿ ಕೂತ ಕೋರ್ಟಿನ ಆದೇಶಕ್ಕೆ ಬೆಲೆ ಎಲ್ಲಿ? ಹಾಗಾಗಿ ಕೋರ್ಟು ಝಾಕ್ವಿಲ್ ಮಾರ್ಗನ್ ಮನೆಗೆ ಬಂತು. 1785ರಲ್ಲಿ ಅಲ್ಲೇ ಮಾರ್ಗನ್‌ಟೌನ್ ಸ್ಥಾಪನೆ. ಯೊಹೊಗೇನಿಯಾ ಮಾತ್ರ ನಕ್ಷೆಯಿಂದಲೇ ಅಳಿಸಿಹೋಯ್ತು, ಅದರ ಉಳಿದ ಚೂರು ಓಹಾಯೋ ಕೌಂಟಿಗೆ ಹೋಯ್ತು.

ಉತ್ತರ | ವಾಯಿದೆ
ಒಂದು ಸೇರಿಸ್ತೀನಿ. ಮೊನಾಂಗೇಲಿಯಾ ಕ್ಲರ್ಕ್ ಕಚೇರಿ 1796ರಲ್ಲಿ ಸುಟ್ಟು ಕಡತಗಳು ಹೋದವು. ಅದಕ್ಕೂ ಹಿಂದಿನ ಆರ್ಡರ್ ಪುಸ್ತಕ (ಕೋರ್ಟಿನ ಆದೇಶಗಳನ್ನು ಬರೆದಿಡುತ್ತಿದ್ದ ದಾಖಲೆ) ಹುಡುಕಿ ಸಮಯ ಕಳೆಯಬೇಡಿ, ಹೆನಿಂಗ್ ಸಂಪಾದಿಸಿದ ವರ್ಜೀನಿಯಾ ಕಾಯ್ದೆ ಸಂಪುಟಗಳಿಂದಲೇ ಶುರು ಮಾಡಿ. ಅಲ್ಲಿ ಶಾಸನಸಭೆಯ ಅಧಿವೇಶನದ ತಿಂಗಳು ಕೊಟ್ಟಿರ್ತಾರೆ, ಅದನ್ನೇ ಜಾರಿಯಾದ ದಿನ ಅಂದ್ಕೋಬೇಡಿ.